ಎಡ್ಡಿಯನ್ನು ಬಿಟ್ಟು ಹೋದ ಕಾದಂಬರಿ

ಅಕ್ಟೋಬರ್ 12, 2024, ಶನಿವಾರ
ವಿಜಯದಶಮಿ, ಬೆಂಗಳೂರು

‘ಅಟ್ಲಾಸ್ ಶ್ರಗ್ಡ್’ ಓದಿ ‘ಪರವಾಗಿಲ್ಲ, ಒಂದು ಸಲ ಓದಬಹುದು’ ಎಂದವರನ್ನು ನಾನು ಕಂಡಿಲ್ಲ. ಓದಿದವರು ಒಂದೋ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಇಲ್ಲವೇ ಹೆಸರೆತ್ತಿದರೆ ಸಿಡಿಯುತ್ತಾರೆ. ಐನ್ ರ್ಯಾಂಡ್ ಅವರ ಈ ಕಾದಂಬರಿ ಅಮೆರಿಕದಲ್ಲಿ ಹೊರಬಂದದ್ದು 1957ರ ಅಕ್ಟೋಬರ್ 10ರಂದು. ಸಾವಿರಕ್ಕೂ ಹೆಚ್ಚು ಪುಟ. ಮನುಷ್ಯನಿಗೆ ತಕ್ಕ ನೈತಿಕ ವ್ಯವಸ್ಥೆ ಅಂತ ಇರುವುದು ಬಂಡವಾಳಶಾಹಿ ಒಂದೇ ಎಂದು ಎದೆತಟ್ಟಿ ಹೇಳುವ ಪುಸ್ತಕ. ಅಷ್ಟು ದೊಡ್ಡ ಮಾತಾಡಿದವರಿಗೆ ಓದುಗರೂ ಅರೆಮನಸ್ಸಿನಿಂದ ಉತ್ತರ ಕೊಡಲಾರರು.

ಓದದವರಿಗೆ ಕಥೆ ಇಷ್ಟು. ಅಮೆರಿಕದಲ್ಲಿ ಕೈಲಾಗುವವರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾರೆ. ಡ್ಯಾಗ್ನಿ ಟ್ಯಾಗರ್ಟ್ ಎಂಬ ಹೆಣ್ಣುಮಗಳು ತನ್ನ ಮನೆತನದ ರೈಲ್ವೆಯನ್ನು ಹೇಗೋ ಓಡಿಸುತ್ತಿದ್ದಾಳೆ. ಕಂಪನಿಯ ಅಧ್ಯಕ್ಷನ ಕುರ್ಚಿಯಲ್ಲಿ ಕೂತ ಅಣ್ಣ ಜೇಮ್ಸ್ ವಾಷಿಂಗ್ಟನ್ನಿನ ಗೆಳೆಯರ ಬೆನ್ನು ಬಿದ್ದಿದ್ದಾನೆ. ಹ್ಯಾಂಕ್ ರಿಯರ್ಡನ್ ಹತ್ತು ವರ್ಷ ಹೆಣಗಿ ಉಕ್ಕಿಗಿಂತ ಗಟ್ಟಿಯಾದ ಹೊಸ ಲೋಹ ಮಾಡಿದ್ದಾನೆ. ಸರ್ಕಾರ ಅದರ ಮೇಲೆ ಒಂದರ ಹಿಂದೊಂದು ಆದೇಶ ಹೊರಡಿಸುತ್ತಿದೆ. ಜಾನ್ ಗಾಲ್ಟ್ ಎಂಬ ಎಂಜಿನಿಯರ್ ಬುದ್ಧಿವಂತರನ್ನೆಲ್ಲ ಮುಷ್ಕರಕ್ಕೆ ಕರೆದು ಕೊಲರಾಡೋದ ಒಂದು ಕಣಿವೆಯಲ್ಲಿ ಬಚ್ಚಿಟ್ಟಿರುವುದು ಆಮೇಲೆ ಗೊತ್ತಾಗುತ್ತದೆ. ಕೊನೆಗೆ ಗಾಲ್ಟ್ ರೇಡಿಯೊದಲ್ಲಿ ಭಾಷಣ ಮಾಡುತ್ತಾನೆ, ಸುಮಾರು ಅರವತ್ತು ಪುಟ. ಅದೊಂದನ್ನೇ ಬರೆಯಲು ರ್ಯಾಂಡ್‌ಗೆ ಎರಡು ವರ್ಷ ಹಿಡಿದಿತ್ತು. ಸ್ವಲ್ಪ ಕತ್ತರಿಸೋಣ ಎಂದು ಪ್ರಕಾಶಕರಾದ ರ್ಯಾಂಡಮ್ ಹೌಸ್‌ನ ಬೆನೆಟ್ ಸರ್ಫ್ ಕೇಳಿದಾಗ, ‘ಬೈಬಲ್ಲನ್ನು ಕತ್ತರಿಸುತ್ತೀರಾ?’ ಎಂದು ರ್ಯಾಂಡ್ ತಿರುಗಿ ಕೇಳಿದರಂತೆ.

ನಿನ್ನೆ ಆಯುಧಪೂಜೆಗೆ ದೊಡ್ಡಪ್ಪನ ಪೀಣ್ಯದ ಶೆಡ್ಡಿಗೆ ಹೋಗಿದ್ದೆವು. ಪೂಜೆಯಾಗಿ, ಕುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿದ ಮೇಲೆ ಮಾತು ಹೇಗೋ ಈ ಪುಸ್ತಕಕ್ಕೆ ಬಂತು. ದೊಡ್ಡಪ್ಪ ಇದನ್ನು ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದವನ ಹತ್ತಿರ ಕೊಂಡು ಓದಿದ್ದು ಎಂಬತ್ತರ ದಶಕದಲ್ಲಿ. ಕಾನೂನು ಓದುತ್ತಿರುವ ಅವರ ಮೊಮ್ಮಗಳು ಓದಿ ಮುಗಿಸಿದ್ದು ಹೋದ ತಿಂಗಳು. ತಾತನಿಗೆ ಅದು ತನ್ನ ಬದುಕಿನ ಪುಸ್ತಕ, ಮೊಮ್ಮಗಳಿಗೆ ಅಷ್ಟು ಕ್ರೂರವಾದ ಪುಸ್ತಕ ಇನ್ನೊಂದಿಲ್ಲ.

ದೊಡ್ಡಪ್ಪನ ಮಾತನ್ನು ಮೊದಲು ಬರೆಯುತ್ತೇನೆ. ಅವರು ಎರಡು ಲೇತ್ ಇಟ್ಟುಕೊಂಡು ಕೆಲಸ ಶುರು ಮಾಡಿದ ಕಾಲದಲ್ಲಿ ಸ್ಟೀಲು ಕೋಟಾದಲ್ಲಿ ಬರುತ್ತಿತ್ತು. ಆರ್ಡರ್ ಕೈಯಲ್ಲಿದೆ, ಮೆಷಿನ್ ಇದೆ, ಟರ್ನರ್ ಕಾದು ಕೂತಿದ್ದಾನೆ, ರಾಡ್ ಮಾತ್ರ ಇಲ್ಲ. ಕಾದಂಬರಿಯಲ್ಲಿ ಡೈರೆಕ್ಟಿವ್ 10-289 ಅಂತ ಒಂದು ಆದೇಶ ಬರುತ್ತದೆ. ಯಾರೂ ಕೆಲಸ ಬಿಡುವಂತಿಲ್ಲ, ಹೊಸದೇನನ್ನೂ ಕಂಡುಹಿಡಿಯುವಂತಿಲ್ಲ, ಪೇಟೆಂಟನ್ನೆಲ್ಲ ಸರ್ಕಾರಕ್ಕೆ ‘ದಾನ’ ಬರೆದುಕೊಡಬೇಕು, ಉತ್ಪಾದನೆ ಹಿಂದಿನ ವರ್ಷದಷ್ಟೇ ಇರಬೇಕು, ಹೆಚ್ಚೂ ಕೂಡದು, ಕಡಿಮೆಯೂ ಕೂಡದು.

‘ಅಮೆರಿಕದವರಿಗೆ ಅದು ಕಟ್ಟುಕಥೆ ಕಣಮ್ಮ,’ ಎಂದರು. ‘ನಮಗಲ್ಲ.’

ಅವರು ಹೇಳುವುದರಲ್ಲಿ ಹುರುಳಿದೆ. 1991ರ ಜುಲೈವರೆಗೆ ಈ ದೇಶದ ದೊಡ್ಡ ಕಾರ್ಖಾನೆಗಳು ಎಷ್ಟು ಸಾಮಾನು ತಯಾರಿಸಬೇಕೆಂಬುದಕ್ಕೂ ಲೈಸೆನ್ಸ್ ಬೇಕಿತ್ತು. ಉಕ್ಕಿನ ಬೆಲೆ, ಹಂಚಿಕೆಯ ಮೇಲಿನ ಹತೋಟಿ ಹೋದದ್ದು 1992ರ ಜನವರಿಯಲ್ಲಿ. ಬಜಾಜ್ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ತಲೆಮಾರು ಅದು. ಅಂಥವರ ಕೈಗೆ ಈ ಪುಸ್ತಕ ಬಂದಾಗ ಅವರು ತತ್ವಶಾಸ್ತ್ರ ಓದಲಿಲ್ಲ. ತಮ್ಮ ಹೊಟ್ಟೆಯುರಿಯನ್ನು ಯಾರೋ ಬರೆದಿದ್ದಾರೆ ಎಂದು ಓದಿದರು. ರ್ಯಾಂಡ್ ಅವರದ್ದೂ ಅದೇ ಉರಿ. ಹುಟ್ಟಿದ್ದು 1905ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆಯ ಔಷಧದಂಗಡಿಯನ್ನು ಕ್ರಾಂತಿಯ ನಂತರ ಸರ್ಕಾರ ವಶಪಡಿಸಿಕೊಂಡದ್ದನ್ನು ಕಣ್ಣಾರೆ ಕಂಡು, 1926ರಲ್ಲಿ ಅಮೆರಿಕಕ್ಕೆ ಬಂದವರು.

ಪುಸ್ತಕದ ಅತ್ಯುತ್ತಮ ಪುಟಗಳು ನನ್ನ ಪ್ರಕಾರ ಈ ಸಿಟ್ಟಿನಿಂದಲೂ, ಇದಕ್ಕೆ ಬೆನ್ನಾಗಿರುವ ಒಂದು ಪ್ರೀತಿಯಿಂದಲೂ ಬಂದವು. ಟ್ವೆಂಟಿಯತ್ ಸೆಂಚುರಿ ಮೋಟರ್ ಕಂಪನಿಯ ಕಥೆಯನ್ನು ಅಲೆಮಾರಿಯೊಬ್ಬ ರೈಲಿನಲ್ಲಿ ಡ್ಯಾಗ್ನಿಗೆ ಹೇಳುತ್ತಾನೆ. ಶಕ್ತಿಯಿದ್ದಷ್ಟು ದುಡಿ, ಅಗತ್ಯವಿದ್ದಷ್ಟು ತಗೋ ಎಂಬ ನಿಯಮಕ್ಕೆ ಆರು ಸಾವಿರ ಕೆಲಸಗಾರರು ಕೈಯೆತ್ತುತ್ತಾರೆ. ಆಮೇಲೆ ಯಾರ ಅಗತ್ಯ ದೊಡ್ಡದು ಎಂದು ಸಭೆ ಸೇರಿ ತೀರ್ಮಾನಿಸಬೇಕಾಗುತ್ತದೆ. ಚೆನ್ನಾಗಿ ಕೆಲಸ ಮಾಡುವವನು ಕೆಲಸ ಬರುವುದನ್ನೇ ಮುಚ್ಚಿಡುತ್ತಾನೆ. ಪಕ್ಕದ ಮನೆಯಲ್ಲಿ ಮಗು ಹುಟ್ಟಿದರೆ ಜನ ಮುಖ ಸಿಂಡರಿಸುತ್ತಾರೆ. ರ್ಯಾಂಡ್ ಅವರ ತೀರ್ಮಾನವನ್ನು ಒಪ್ಪದವರೂ ಆ ಅಧ್ಯಾಯವನ್ನು ಕೆಳಗಿಡಲಾರರು. ಇನ್ನು ಪ್ರೀತಿಗೆ, ರಿಯರ್ಡನ್ ತನ್ನ ಲೋಹದ ಮೊದಲ ಎರಕದಿಂದ ಹೆಂಡತಿಗೆ ಬಳೆ ಮಾಡಿಸಿ ಜೇಬಿನಲ್ಲಿಟ್ಟುಕೊಂಡು ಕತ್ತಲಲ್ಲಿ ಮನೆಗೆ ನಡೆದು ಬರುವ ಪುಟಗಳನ್ನು ನೋಡಬೇಕು. ಮನೆಯಲ್ಲಿ ಯಾರಿಗೂ ಅದರ ಬೆಲೆ ತಿಳಿಯುವುದಿಲ್ಲ, ಹೆಂಡತಿ ಅದನ್ನು ಹಾಸ್ಯದ ವಸ್ತು ಮಾಡುತ್ತಾಳೆ. ಕೈಯಾರೆ ಒಂದು ವಸ್ತು ಮಾಡಿ ಯಾರಿಗಾದರೂ ತೋರಿಸಬೇಕೆಂದು ಓಡಿಬಂದವರಿಗೆಲ್ಲ ಆ ರಾತ್ರಿ ಗೊತ್ತು. ಲೇತಿಗೆ ಅರಿಶಿನ ಕುಂಕುಮ ಹಚ್ಚುವ ಊರಿನವರಾದ ನಮಗೆ ಯಂತ್ರದ ಮುಂದೆ ನಿಂತು ಕಣ್ಣು ತುಂಬುವವರನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಮೊಮ್ಮಗಳು ಎತ್ತಿದ್ದು ಸುರಂಗದ ಅಧ್ಯಾಯವನ್ನು. ಡೀಸೆಲ್ ಎಂಜಿನ್ ಇಲ್ಲ. ರೈಲಿನಲ್ಲಿರುವ ರಾಜಕಾರಣಿಗೆ ಮಾತ್ರ ಹೊತ್ತಿಗೆ ಸರಿಯಾಗಿ ತಲುಪಲೇಬೇಕು. ಉದ್ದನೆಯ ಸುರಂಗಕ್ಕೆ ಕಲ್ಲಿದ್ದಲಿನ ಎಂಜಿನ್ ಕಳಿಸಿದರೆ ಹೊಗೆಯಲ್ಲಿ ಜನ ಸಾಯುತ್ತಾರೆಂದು ಎಲ್ಲ ಅಧಿಕಾರಿಗಳಿಗೂ ಗೊತ್ತು. ಆದರೂ ಹೊಣೆಯನ್ನು ಕೆಳಗಿನವನ ತಲೆಗೆ ದಾಟಿಸುತ್ತಾ ದಾಟಿಸುತ್ತಾ ರೈಲನ್ನು ಒಳಗೆ ಬಿಟ್ಟುಬಿಡುತ್ತಾರೆ. ಅಲ್ಲಿಯವರೆಗೆ, ಕಚೇರಿಗಳಲ್ಲಿ ಹೊಣೆಗೇಡಿತನ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ನಾನು ಓದಿದ ಬರಹಗಳಲ್ಲೇ ಇದು ಶ್ರೇಷ್ಠ. ಆಮೇಲೆ ಲೇಖಕಿ ಒಂದೊಂದೇ ಡಬ್ಬಿಗೆ ಹೋಗಿ ಪ್ರಯಾಣಿಕರ ತಲೆಯಲ್ಲಿ ಯಾವ ತಪ್ಪು ವಿಚಾರವಿತ್ತು ಎಂದು ಪಟ್ಟಿ ಕೊಡುತ್ತಾರೆ. ಈ ಪ್ರಾಧ್ಯಾಪಕ ಹೀಗೆ ನಂಬಿದ್ದ, ಆ ಶಿಕ್ಷಕಿ ಹೀಗೆ ಕಲಿಸಿದ್ದಳು. ಒಬ್ಬ ತಾಯಿ, ಮೇಲಿನ ಬರ್ತಿನಲ್ಲಿ ಮಲಗಿಸಿದ ಅವಳ ಇಬ್ಬರು ಮಕ್ಕಳು. ಅವಳ ತಪ್ಪು, ಗಂಡನ ಸರ್ಕಾರಿ ಕೆಲಸವನ್ನು ಸಮರ್ಥಿಸಿಕೊಂಡದ್ದು.

‘ಮೇಲೆ ಕೂತವರಿಗೆ ಶಿಕ್ಷೆ ಆಗಲಿ ತಾತ,’ ಎಂದಳು. ‘ಬರ್ತಿನಲ್ಲಿ ಮಲಗಿದ್ದ ಮಕ್ಕಳು ಏನು ಮಾಡಿದ್ವು?’

‘ಕೊಂದದ್ದು ಲೇಖಕಿ ಅಲ್ಲವಲ್ಲ, ಆ ಅಧಿಕಾರಿಗಳು,’ ಎಂದರು ದೊಡ್ಡಪ್ಪ.

‘ಕೊಂದದ್ದು ಅವರೇ. ಆದ್ರೆ ಆ ಪಟ್ಟಿ ಬರೆದದ್ದು ಯಾರು?’

ಇದು ಎಡ ಬಲದ ಜಗಳ ಅಂತ ಬಹಳ ಮಂದಿ ತಿಳಿದಿದ್ದಾರೆ. 1957ರಲ್ಲೇ ಅದು ಹಾಗಿರಲಿಲ್ಲ. ಪುಸ್ತಕದ ಮೇಲೆ ಅತಿ ಕಟುವಾಗಿ ಬರೆದವರು ವಿಟಕರ್ ಚೇಂಬರ್ಸ್, ಕಮ್ಯುನಿಸ್ಟ್ ಪಕ್ಷ ಬಿಟ್ಟು ಅದರ ಕಟ್ಟಾ ವಿರೋಧಿಯಾದವರು. ಬರೆದದ್ದೂ ಸಂಪ್ರದಾಯವಾದಿಗಳದ್ದೇ ಪತ್ರಿಕೆಯಾದ ‘ನ್ಯಾಷನಲ್ ರಿವ್ಯೂ’ನಲ್ಲಿ. ಹೆಚ್ಚುಕಡಿಮೆ ಯಾವ ಪುಟ ತೆರೆದರೂ ಗ್ಯಾಸ್ ಚೇಂಬರಿಗೆ ನಡೆ ಎನ್ನುವ ದನಿ ಕೇಳುತ್ತದೆ ಎಂದರು ಅವರು. ಮೊಮ್ಮಗಳ ಆಕ್ಷೇಪವೂ ಇದೇ, ಚೇಂಬರ್ಸ್ ಹೆಸರನ್ನು ಅವಳು ಕೇಳಿಲ್ಲ ಅಷ್ಟೆ. ನನಗೆ ಚೇಂಬರ್ಸ್ ಮಾತು ಅತಿಯೆನಿಸುತ್ತದೆ. ‘ಯಾವ ಪುಟ ತೆರೆದರೂ’ ಎಂಬುದು ನಿಜವಲ್ಲ, ಸುರಂಗದ ಪುಟಗಳಿಗೆ ಅದು ನಿಜ. ಇತ್ತ ಅರ್ಥಶಾಸ್ತ್ರಜ್ಞ ಲುಡ್‌ವಿಗ್ ಫಾನ್ ಮೀಸಸ್ ಮೆಚ್ಚಿ ಲೇಖಕಿಗೆ ಪತ್ರ ಬರೆದರು. ಇದು ದ್ವೇಷದಿಂದ ಬರೆದ ಪುಸ್ತಕ ಎಂದ ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶೆಗೆ ಉತ್ತರವಾಗಿ, ಇದು ಬದುಕಿನ, ಸಂತೋಷದ ಸಂಭ್ರಮ ಎಂದು ಪತ್ರ ಕಳಿಸಿದವರು ಅಲನ್ ಗ್ರೀನ್‌ಸ್ಪ್ಯಾನ್. ಮುಂದೆ 1987ರಿಂದ 2006ರವರೆಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾದವರು. 2008ರ ಅಕ್ಟೋಬರಿನಲ್ಲಿ ಬ್ಯಾಂಕುಗಳು ಕುಸಿದಾಗ, ತಾನು ನಂಬಿದ್ದ ವಿಚಾರದಲ್ಲಿ ಒಂದು ದೋಷ ಕಂಡಿದೆ ಎಂದು ಸಂಸದರ ಸಮಿತಿಯ ಮುಂದೆ ಒಪ್ಪಿಕೊಂಡವರೂ ಅವರೇ. ಸಾಮಾನ್ಯ ಓದುಗರಿಗೂ ಪಂಡಿತರಿಗೂ ನಡುವೆ ಇರುವ ಕಂದಕ ಇನ್ನೂ ದೊಡ್ಡದು. 1998ರಲ್ಲಿ ಮಾಡರ್ನ್ ಲೈಬ್ರರಿ ಎಂಬ ಪ್ರಕಾಶನ ಇಪ್ಪತ್ತನೇ ಶತಮಾನದ ನೂರು ಇಂಗ್ಲಿಷ್ ಕಾದಂಬರಿಗಳನ್ನು ಆರಿಸಿದಾಗ ಓದುಗರ ಮತದಲ್ಲಿ ಇದಕ್ಕೆ ಮೊದಲ ಸ್ಥಾನ ಬಂತು. ಅವರದೇ ಮಂಡಳಿಯ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ.

ಈಗ ಎಡ್ಡಿಯ ವಿಷಯ. ನಿನ್ನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ಎಡ್ಡಿ ವಿಲರ್ಸ್ ಡ್ಯಾಗ್ನಿಯ ಬಾಲ್ಯದ ಗೆಳೆಯ, ಅವಳ ಸಹಾಯಕ. ಅಪ್ರತಿಮ ಬುದ್ಧಿವಂತನಲ್ಲ, ಏನನ್ನೂ ಕಂಡುಹಿಡಿದವನಲ್ಲ. ಕೆಲಸ ಬಲ್ಲವನು, ನಂಬಿಗಸ್ತ, ಯಾರದ್ದನ್ನೂ ಕಸಿದವನಲ್ಲ. ರೈಲ್ವೆಯ ಕ್ಯಾಂಟೀನಿನಲ್ಲಿ ಮಾಸಲು ಬಟ್ಟೆಯ ಕೂಲಿಯೊಬ್ಬನ ಜೊತೆ ಕೂತು ತನ್ನ ಮನಸ್ಸಿನ ಭಾರವನ್ನೆಲ್ಲ ಹೇಳಿಕೊಳ್ಳುತ್ತಾನೆ; ಆ ಕೂಲಿಯೇ ಗಾಲ್ಟ್ ಎಂಬುದು ಅವನಿಗೆ ಗೊತ್ತಿಲ್ಲ. ಡ್ಯಾಗ್ನಿ ಯಾರನ್ನು ಹುಡುಕಿ ಹೊರಟಿದ್ದಾಳೆ ಎಂಬುದೆಲ್ಲ ಗಾಲ್ಟ್‌ಗೆ ತಿಳಿಯುವುದು ಎಡ್ಡಿಯ ಬಾಯಿಂದಲೇ. ಕೊನೆಯಲ್ಲಿ ಬುದ್ಧಿವಂತರೆಲ್ಲ ಕಣಿವೆ ಸೇರುತ್ತಾರೆ. ಎಡ್ಡಿ ಇದ್ದ ರೈಲು ಅರಿಜೋನಾದ ಮರುಭೂಮಿಯಲ್ಲಿ ಕೆಟ್ಟು ನಿಲ್ಲುತ್ತದೆ. ದಾರಿಯಲ್ಲಿ ಬಂದ ಗಾಡಿಯವರು ಉಳಿದವರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತಾರೆ. ಎಡ್ಡಿ ಇಳಿಯುವುದಿಲ್ಲ. ರೈಲನ್ನು ಬಿಟ್ಟು ಬರಲು ಅವನಿಂದಾಗುವುದಿಲ್ಲ. ಒಬ್ಬನೇ ಎಂಜಿನ್ ಜೊತೆ ಒದ್ದಾಡಿ, ಸೋತು, ಹಳಿಯ ಮೇಲೆ ಬಿದ್ದು ಅಳುತ್ತಾನೆ. ಅಲ್ಲಿಗೆ ಅವನ ಕಥೆ ಮುಗಿಯಿತು. ಕಣಿವೆಯಿಂದ ಯಾರೂ ಅವನಿಗಾಗಿ ಬರುವುದಿಲ್ಲ.

ಮೊಮ್ಮಗಳು ಇದನ್ನು ಹೇಳಿದಾಗ ದೊಡ್ಡಪ್ಪ ಕೇಳಿದರು, ‘ಎಡ್ಡಿ ಯಾರು?’

ಓದಿ ಮೂವತ್ತು ನಲವತ್ತು ವರ್ಷವಾಗಿದೆ, ಮರೆವು ಸಹಜ. ಆದರೆ ರಿಯರ್ಡನ್ ಕೋರ್ಟಿನಲ್ಲಿ ಏನಂದ, ತಾಮ್ರದ ಗಣಿಗಳ ಒಡೆಯ ಫ್ರಾನ್ಸಿಸ್ಕೊ ಹಣದ ಬಗ್ಗೆ ಏನಂದ ಎಂಬುದೆಲ್ಲ ಅವರ ನಾಲಗೆಯ ಮೇಲಿದೆ. ಈ ಪುಸ್ತಕವನ್ನು ಮೆಚ್ಚುವ ಬೇರೆಯವರಲ್ಲೂ ನಾನು ಇದನ್ನೇ ಕಂಡಿದ್ದೇನೆ, ಎಡ್ಡಿ ಅವರಿಗೆ ನೆನಪಿರುವುದಿಲ್ಲ. ಮೆಚ್ಚದವರಿಗೆ ಅವನು ನೆನಪಿರುತ್ತಾನೆ, ಆದರೆ ರಿಯರ್ಡನ್‌ನ ಬಳೆ ಮರೆತಿರುತ್ತದೆ. ಓದುಗರು ಒಡೆದದ್ದು ತೆರಿಗೆ, ಲಾಭ, ಸರ್ಕಾರ ಎಂಬ ಪ್ರಶ್ನೆಗಳ ಮೇಲೆ ಎನ್ನುವುದಕ್ಕಿಂತ, ಯಾರ ನೋವಿಗೆ ಮನಸ್ಸು ಕರಗಿತು ಎಂಬುದರ ಮೇಲೆ ಎಂದು ನನಗೆ ತೋರುತ್ತದೆ.

ಮೆಚ್ಚುವವರಲ್ಲಿ ಸೂಕ್ಷ್ಮವಾಗಿ ಓದಿದವರ ಒಂದು ವಾದವಿದೆ: ಎಡ್ಡಿಯ ಗತಿ ಲೇಖಕಿಯ ಕ್ರೌರ್ಯವಲ್ಲ, ಎಚ್ಚರಿಕೆ, ಚಿಂತಿಸುವವರನ್ನು ಓಡಿಸಿದ ಸಮಾಜದಲ್ಲಿ ಮೊದಲು ಸಾಯುವವನು ಪ್ರಾಮಾಣಿಕನಾದ ಸಾಮಾನ್ಯ. ಗೌರವಿಸಬೇಕಾದ ವಾದ. ನಾನು ಒಪ್ಪುವುದಿಲ್ಲ. ಮುಷ್ಕರ ಹೂಡಿದವರು ಡ್ಯಾಗ್ನಿಯನ್ನು ಕಾಯುತ್ತಾರೆ, ರಿಯರ್ಡನ್‌ನನ್ನು ಕಾಯುತ್ತಾರೆ, ಗಾಲ್ಟ್‌ನನ್ನು ಬಿಡಿಸಲು ಬಂದೂಕು ಹಿಡಿದು ಬರುತ್ತಾರೆ. ಎಡ್ಡಿಗೆ ಒಂದು ಮಾತು ಹೇಳಿ ಕಳಿಸಲು ಯಾರಿಗೂ ಹೊಳೆಯುವುದಿಲ್ಲ. ಸಾವಿರ ಪುಟ ನ್ಯಾಯದ ಬಗ್ಗೆ ಮಾತಾಡುವ ಪುಸ್ತಕದಲ್ಲಿ ಇದು ಸಣ್ಣ ಮರೆವಲ್ಲ.

ಹೊರಡುವಾಗ ದೊಡ್ಡಪ್ಪ ಮೊಮ್ಮಗಳ ಪ್ರತಿಯನ್ನು ಇಸಿದುಕೊಂಡರು. ಇವತ್ತು ಬನ್ನಿ ಹಂಚಲು ಅವರ ಮನೆಗೆ ಹೋದಾಗ ಭೂತಗನ್ನಡಿ ಹಿಡಿದು ಕೂತಿದ್ದರು. ಕೊನೆಯ ಅಧ್ಯಾಯ ಓದಿ ಮುಗಿಸಿದ್ದರು.

‘ಅವನಿಗೆ ಆ ಎಂಜಿನ್ ರಿಪೇರಿ ಬರ್ತಿರಲಿಲ್ಲ. ಆದ್ರೂ ಗಾಡಿ ಬಿಟ್ಟು ಇಳೀಲಿಲ್ಲ ನೋಡು,’ ಎಂದರು. ‘ನನ್ನ ಶೆಡ್ಡಿಗೆ ಬಂದಿದ್ರೆ ಮೊದಲು ಅವನನ್ನೇ ಕೆಲಸಕ್ಕೆ ತಗೋತಿದ್ದೆ.’

ಪುಸ್ತಕದ ಮೇಲಿನ ಅಭಿಪ್ರಾಯ ಮಾತ್ರ ಬದಲಾಗಿಲ್ಲ ಎಂದರು. ಮೊಮ್ಮಗಳದ್ದೂ ಬದಲಾಗಿಲ್ಲ. ಊಟಕ್ಕೆ ಕೂತಾಗ ಇಬ್ಬರೂ ಮತ್ತೆ ಸುರಂಗಕ್ಕೆ ಹೋದರು.