ಗಿಡದ ಪಟ್ಟಿಗೂ ಮುಂಚೆ ಬಿಸಿಲಿನ ಲೆಕ್ಕ

ಉದ್ಯಾನ ವಿನ್ಯಾಸ ಕಲಿಯುವವರು ಸಾಮಾನ್ಯವಾಗಿ ನರ್ಸರಿಯಿಂದ ಶುರು ಮಾಡುತ್ತಾರೆ. ಹೂ ಚೆಂದ ಕಂಡ ಗಿಡವನ್ನು ಆರಿಸಿ, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾರೆ. ನಿಜಕ್ಕೂ ಶುರು ಮಾಡಬೇಕಾದದ್ದು ಸೈಟಿಗೆ ಬೀಳುವ ಬಿಸಿಲಿನಿಂದ, ಅದೂ ಇಡೀ ವರ್ಷದ ಬಿಸಿಲಿನಿಂದ.

ಬೆಂಗಳೂರನ್ನೇ ನೋಡಿ. ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ 30 ಅಡಿ ಎತ್ತರದ ಮನೆಯ ನೆರಳು ಉತ್ತರಕ್ಕೆ 22 ಅಡಿ ಚಾಚಿರುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಹೊತ್ತು ಉತ್ತರದ ಕಡೆಗೇ ಇರುತ್ತಾನೆ. ಉತ್ತರದ ಗೋಡೆಯ ಬುಡ ಸದಾ ನೆರಳು ಎಂಬ ಮಾತು ಯುರೋಪಿಗೆ ಬಹುಮಟ್ಟಿಗೆ ಸರಿ, ಇಲ್ಲಿಗಲ್ಲ. ಜನವರಿಯಲ್ಲಿ ನೆರಳು ನೋಡಿ ಅಲ್ಲಿ ನೆಟ್ಟ ಫರ್ನ್, ಪೀಸ್ ಲಿಲಿ ಮೇ ತಿಂಗಳಲ್ಲಿ ಎಲೆಯಂಚು ಸುಟ್ಟು ನಿಲ್ಲುವುದು ಇದರಿಂದಲೇ. ಡಿಸೆಂಬರ್, ಮಾರ್ಚ್, ಜೂನ್ ತಿಂಗಳ 21ರ ಆಸುಪಾಸು, ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ನೆರಳಿನ ಗೆರೆಯನ್ನು ನಕ್ಷೆಯ ಮೇಲೆ ಎಳೆಯಿರಿ. ಆರು ಗಂಟೆ ಬಿಸಿಲು ಸಿಗುವ ಕಡೆ ದಾಸವಾಳ, ಬೋಗನ್‌ವಿಲ್ಲಾ. ಮೂರ್ನಾಲ್ಕು ಗಂಟೆ ಸಿಕ್ಕರೆ ನಂದಿಬಟ್ಟಲು, ಕಾಮಿನಿ. ಅದಕ್ಕೂ ಕಡಿಮೆಯಾದರೆ ಡ್ರಸೀನಾ, ಸಿಂಗೋನಿಯಂ.

ಮರದ ವಿಷಯದಲ್ಲಿ ಕಣ್ಣಿಗೆ ಮೋಸ ಮಾಡುವುದು ನಾಲ್ಕಡಿಯ ಸಸಿ. ನಕ್ಷೆಯಲ್ಲಿ ಬರೆಯಬೇಕಾದದ್ದು ಬೆಳೆದ ಮರದ ಹರವು: ಹೊಂಗೆಗೆ ಸುಮಾರು 30 ಅಡಿ ವ್ಯಾಸದ ವೃತ್ತ, ಮಳೆಮರಕ್ಕೆ 80 ಅಡಿ. ಇದನ್ನು ಲಾಲ್‌ಬಾಗಿನಲ್ಲಿ ಕಲಿಯುವುದು ಸುಲಭ. ಕಾಂಡದಿಂದ ಕೊಂಬೆಯ ತುದಿಯವರೆಗೆ ಹೆಜ್ಜೆ ಹಾಕಿ ಅಳೆದು, ಬೇರು ನೆಲದ ಮೇಲೆ ಎಷ್ಟು ಎದ್ದಿದೆ ಅಂತಲೂ ಬರೆದುಕೊಳ್ಳಿ. ಗುಲ್‌ಮೊಹರ್ ಬುಡ ನೋಡಿದವರು ಅದನ್ನು ಕಾಂಪೌಂಡ್ ಗೋಡೆಯ ಪಕ್ಕ ನೆಡುವುದಿಲ್ಲ. ನೇರಳೆಯನ್ನು ಕಾರು ನಿಲ್ಲಿಸುವಲ್ಲಿ ಬೇಡ, ಹಣ್ಣಿನ ಕಲೆ ಸುಲಭಕ್ಕೆ ಹೋಗದು. ಪಾರಿಜಾತ ರಾತ್ರಿ ಅರಳಿ ನಸುಕಿಗೆ ಉದುರುವ ಹೂ. ಬೆಳಿಗ್ಗೆ ಓಡಾಡುವ ದಾರಿಯ ಬದಿಗಿದ್ದರೆ ಮಾತ್ರ ಅದನ್ನು ನೆಟ್ಟದ್ದು ಸಾರ್ಥಕ.

1908ರಲ್ಲಿ ಬರೋಡಾದಿಂದ ಬೆಂಗಳೂರಿಗೆ ಬಂದ ಜರ್ಮನ್ ಉದ್ಯಾನ ತಜ್ಞ ಕ್ರುಂಬಿಗಲ್ ಬೀದಿಮರಗಳನ್ನು ಯೋಜಿಸಿದ್ದು ಹೂ ಬಿಡುವ ತಿಂಗಳ ಸರದಿಯಲ್ಲಿ. ಒಂದು ಮುಗಿಯುವಾಗ ಇನ್ನೊಂದು ಅರಳಬೇಕು. ಇಷ್ಟು ಸರಳವಾದ, ಇಷ್ಟು ಉದಾರವಾದ ಯೋಚನೆ ನಮ್ಮ ಊರಿನದೆಂಬುದೇ ಸಂತೋಷ. ಸಣ್ಣ ತೋಟಕ್ಕೂ ತಿಂಗಳಿಗೊಂದರಂತೆ ಹನ್ನೆರಡು ಮನೆಯ ಪಟ್ಟಿ ಮಾಡಿ, ಖಾಲಿ ಉಳಿದ ತಿಂಗಳಿಗೆ ಗಿಡ ಹುಡುಕಿ.

ಪೊದೆಗಿಡಗಳಲ್ಲಿ ಎಡವುವುದು ಸಂಖ್ಯೆಯಲ್ಲಿ. 10 ಅಡಿಗೆ 4 ಅಡಿಯ ಪಾತಿಗೆ ಒಂದಡಿ ಅಂತರದಲ್ಲಿ 40 ಗಿಡ ಬೇಕು, ಒಂದೂವರೆ ಅಡಿಗೆ 18, ಎರಡಡಿಗೆ 10. ಕೂಡಲೇ ತುಂಬಿ ಕಾಣಲೆಂದು ದಾಸವಾಳವನ್ನು ಒಂದಡಿಗೊಂದು ನೆಟ್ಟರೆ ಎರಡು ವರ್ಷದಲ್ಲಿ ಗಾಳಿಯಾಡದೆ ಕೆಳಗಿನ ಎಲೆ ಉದುರಿ, ಹಿಟ್ಟು ತಿಗಣೆ ಸೇರುತ್ತದೆ. ಅದಕ್ಕೆ ಮೂರಡಿ ಬಿಡಿ. ನಡುವಿನ ಖಾಲಿ ಜಾಗಕ್ಕೆ ಮೊದಲ ವರ್ಷ ಚೆಂಡುಹೂವು ಸಾಕು.

ಹೊಸ ಮನೆಯ ಗೋಡೆ ಪಕ್ಕದ ಇಕ್ಸೋರಾ, ನಮ್ಮ ಕೇಪಳ, ನರ ಹಸಿರಾಗಿಯೇ ಇದ್ದು ಎಲೆ ಹಳದಿಯಾದರೆ ಗೊಬ್ಬರ ಸುರಿಯಬೇಡಿ. ಮಣ್ಣಿಗೆ ಸೇರಿದ ಸಿಮೆಂಟು, ಗಾರೆಯ ಸುಣ್ಣದಿಂದ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿರುವುದಿಲ್ಲ. ಒಂದೂವರೆ ಅಡಿ ಆಳದವರೆಗೆ ಕಟ್ಟಡದ ಚೂರು ತೆಗೆದು, ಕೆಂಪು ಮಣ್ಣಿಗೆ ಮೂರನೇ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಸಸಿಯ ಚೀಲ ಬಿಚ್ಚಿದಾಗ ಬೇರು ಸುತ್ತಿಕೊಂಡಿದ್ದರೆ ಹೊರಸುತ್ತನ್ನು ಕತ್ತರಿಸಿ ಬಿಡಿಸಿ. ಚೀಲದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ಗುಂಡಿಯಲ್ಲೂ ಅಲ್ಲೇ ಇರಲಿ; ಕಾಂಡ ಹೂತರೆ ತೊಗಟೆ ಕೊಳೆಯುತ್ತದೆ.