ಪಕೀಟೊ ಡಿ ರಿವೇರಾ: ಯಾವ ರೆಕಾರ್ಡ್‌ನಿಂದ ಶುರು ಮಾಡೋದು?

ನಾನು ಜಾಜ್ ಕೇಳುತ್ತೇನೆ ಅಂತ ಗೊತ್ತಾದವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಲ್ಯಾಟಿನ್ ಜಾಜ್ ಸ್ಯಾಕ್ಸೊಫೋನ್ ಅಂದ್ರೆ ಪಕೀಟೊ ಡಿ ರಿವೇರಾ ಅಂತೀರಲ್ಲ, ಹುಡುಕಿದರೆ ರಾಶಿ ಆಲ್ಬಮ್ ಬರ್ತವೆ. ಮೊದಲು ಯಾವುದನ್ನ ಕೇಳಲಿ?"

ನನ್ನ ಉತ್ತರ ಒಂದೇ. 'ಬೆಬೋ ರೈಡ್ಸ್ ಅಗೇನ್'. 1994ರಲ್ಲಿ ಜರ್ಮನಿಯಲ್ಲಿ ರೆಕಾರ್ಡ್ ಆದದ್ದು. ಕೇಳಿದವರು ಅಲ್ಲೇ ಫೋನ್ ತೆಗೆದು ನೋಡುತ್ತಾರೆ. "ಇದರಲ್ಲಿ ಬೇರೆ ಯಾರದೋ ಹೆಸರಿದೆ ಅಲ್ವಾ?" ಹೌದು, ಇದೆ. ಬೆಬೋ ವಾಲ್ಡೆಸ್ ಅನ್ನುವ ಪಿಯಾನೋ ವಾದಕರ ಹೆಸರು. ಒಬ್ಬ ಸ್ಯಾಕ್ಸ್ ವಾದಕನನ್ನು ಕೇಳಲು ಪಿಯಾನೋದವರ ರೆಕಾರ್ಡ್ ಯಾಕೆ ಅಂತ ಹೇಳಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪಕೀಟೊ ಒಬ್ಬರೇ ಮೆರೆಯುವ ರೆಕಾರ್ಡ್‌ಗಳಿಗಿಂತ, ಅವರನ್ನು ಹಿಡಿದು ನಿಲ್ಲಿಸುವ ಜೊತೆಗಾರರು ಇರುವ ರೆಕಾರ್ಡ್‌ಗಳೇ ಚೆನ್ನಾಗಿವೆ. ಅವರಿಗೆ ಕೈಯಲ್ಲಿ ಜಾಸ್ತಿ ಸಾಮರ್ಥ್ಯ. ಆಲ್ಟೊ ಸ್ಯಾಕ್ಸ್‌ನ ಮೇಲಿನ ತುದಿಯ ಕೀಚಲು ಸ್ವರಗಳು ಕೂಡ ಅವರಲ್ಲಿ ಶುದ್ಧವಾಗಿ ಬರುತ್ತವೆ. ಎಷ್ಟು ವೇಗ ಕೇಳಿದರೂ ಕೊಡುತ್ತಾರೆ. ಕೇಳದಿದ್ದರೂ ಕೊಡುತ್ತಾರೆ, ಅದೇ ತೊಂದರೆ. ಪಕ್ಕದಲ್ಲಿ ಸರಿಯಾದವರು ಕೂತಾಗ ಮಾತ್ರ ಆ ವೇಗಕ್ಕೆ ಒಂದು ಕೆಲಸ ಸಿಗುತ್ತದೆ. ಹಾಗಾಗಿ ಇವರ ಆಲ್ಬಮ್ ಆರಿಸುವಾಗ ನಾನು ಮೊದಲು ನೋಡುವುದು ಬೇರೆಯವರ ಹೆಸರುಗಳನ್ನು.

ಮುಂದೆ ಹೋಗುವ ಮೊದಲು ಕೈಗೆ ಒಂದು ಸಣ್ಣ ಕೆಲಸ. ಪಕೀಟೊ ಕ್ಯೂಬಾದವರು. ಅಲ್ಲಿನ ಸಂಗೀತದ ಒಳಗೆ ಕ್ಲಾವೆ ಅಂತ ಒಂದು ತಾಳ ಇರುತ್ತದೆ. ಎರಡು ಮರದ ಕಡ್ಡಿ ಬಡಿದು ನುಡಿಸುವುದು. ಎಷ್ಟೋ ಸಲ ಅದನ್ನು ಯಾರೂ ಬಡಿಯುವುದೇ ಇಲ್ಲ, ಆದರೂ ಎಲ್ಲರೂ ಅದರ ಲೆಕ್ಕದಲ್ಲೇ ನುಡಿಸುತ್ತಾರೆ. ಕೊನ್ನಕೋಲ್ ಕಿವಿಗೆ ಬಿದ್ದವರಿಗೆ ಇದು ಸುಲಭ. ಹದಿನಾರು ಮಾತ್ರೆ ಇಟ್ಟುಕೊಳ್ಳಿ. ತಕಿಟ, ತಕಿಟ, ತಕದಿಮಿ, ತಕ, ತಕದಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ. ಒಟ್ಟು ಐದು ಪೆಟ್ಟು, ಮೊದಲ ಎಂಟು ಮಾತ್ರೆಯಲ್ಲಿ ಮೂರು, ಉಳಿದ ಎಂಟರಲ್ಲಿ ಎರಡು. ಇದೇ ಸೋನ್ ಕ್ಲಾವೆ. ಮೂರನೇ ಪೆಟ್ಟನ್ನು ಒಂದೇ ಒಂದು ಮಾತ್ರೆ ತಡ ಮಾಡಿ, ಅಂದರೆ ತಕಿಟ, ತಕದಿಮಿ, ತಕಿಟ, ತಕ, ತಕದಿಮಿ ಅನ್ನಿ. ರುಂಬಾ ಕ್ಲಾವೆ ಆಯಿತು. ಒಂದು ಮಾತ್ರೆ ಸರಿದದ್ದಕ್ಕೆ ಇಡೀ ನಡೆ ಬೇರೆಯಾಗುತ್ತದೆ. ಕೆಲವು ಹಾಡುಗಳಲ್ಲಿ ಎರಡು ಪೆಟ್ಟಿನ ಭಾಗ ಮೊದಲು ಬಂದು ಮೂರರದು ಆಮೇಲೆ ಬರುತ್ತದೆ. ಅದು ಹೊಂದದಿದ್ದರೆ ಭಾಗ ತಿರುಗಿಸಿ ತಟ್ಟಿ ನೋಡಿ.

ಇದು ಕೂತ ಮೇಲೆ ಬೇಸ್ ಕೇಳಿ. ನಾವು ಸಮದ ಮೇಲೆ ಬೀಳುತ್ತದೆ ಅಂತ ಕಾಯುತ್ತೇವೆ. ಅದು ಅದಕ್ಕಿಂತ ಮುಂಚೆಯೇ ಬಿದ್ದು, ಸಮದ ಹೊತ್ತಿಗೆ ಸುಮ್ಮನಿರುತ್ತದೆ. ಪಿಯಾನೋ ಒಂದು ಸಣ್ಣ ತುಣುಕನ್ನು ಸುತ್ತಿ ಸುತ್ತಿ ನುಡಿಸುತ್ತಾ ಇರುತ್ತದೆ. ಸ್ಯಾಕ್ಸ್ ಇವೆಲ್ಲದರ ಮೇಲೆ ಓಡಾಡುತ್ತದೆ. ಪಕೀಟೊ ಅವರ ಸೋಲೋ ಎಷ್ಟೇ ಬೆಬಾಪ್ ಅನ್ನುವ ವೇಗದ ಜಾಜ್ ಶೈಲಿಯ ಕಡೆ ಹೋದರೂ ವಾಕ್ಯ ಮುಗಿಯುವ ಜಾಗ ಕ್ಲಾವೆಗೆ ಸರಿಯಾಗಿ ಸಿಗುತ್ತದೆ. ಚಪ್ಪಾಳೆ ತಟ್ಟುತ್ತಾ ಕೇಳಿದರೆ ಅದು ಗೊತ್ತಾಗುತ್ತದೆ. ಸುಮ್ನೆ ಕೂತು ಕೇಳಿದರೆ ಬರೀ ವೇಗ ಕೇಳಿಸುತ್ತದೆ.

ಈಗ ಮನುಷ್ಯನ ವಿಷಯ. ಹುಟ್ಟಿದ್ದು 1948ರಲ್ಲಿ, ಹವಾನಾದಲ್ಲಿ. ಅಪ್ಪ ಟಿಟೊ ರಿವೇರಾ ಶಾಸ್ತ್ರೀಯ ಸ್ಯಾಕ್ಸ್ ನುಡಿಸುವವರು, ವಾದ್ಯಗಳ ವ್ಯಾಪಾರವೂ ಇತ್ತು. ಐದು ವರ್ಷದ ಮಗನ ಕೈಗೆ ಪುಟ್ಟ ಸೊಪ್ರಾನೊ ಸ್ಯಾಕ್ಸ್ ಕೊಟ್ಟರು. ಅಮೆರಿಕದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ 1938ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಮಾಡಿದ ಕಛೇರಿಯ ರೆಕಾರ್ಡನ್ನೂ ಮನೆಗೆ ತಂದರು. ಹುಡುಗನಿಗೆ ಆ ಕ್ಲಾರಿನೆಟ್ ಹುಚ್ಚು ಹಿಡಿಯಿತು. ಇವತ್ತಿಗೂ ಅವರು ಸ್ಯಾಕ್ಸ್‌ನಷ್ಟೇ ಕ್ಲಾರಿನೆಟ್ ನುಡಿಸುತ್ತಾರೆ. ನನ್ನ ಕಿವಿಗೆ ಕ್ಲಾರಿನೆಟ್‌ನಲ್ಲೇ ಅವರು ಹೆಚ್ಚು ಪ್ರಾಮಾಣಿಕರು.

ಆಗಿನ ಕ್ಯೂಬಾದಲ್ಲಿ ಜಾಜ್ ಅಂದರೆ ಶತ್ರು ದೇಶದ ಸಂಗೀತ ಅನ್ನುವ ಗುಮಾನಿ ಅಧಿಕಾರಿಗಳಿಗಿತ್ತು. 1967ರಲ್ಲಿ ಸರ್ಕಾರವೇ ಒಂದು ದೊಡ್ಡ ವಾದ್ಯವೃಂದ ಕಟ್ಟಿತು, ಅದಕ್ಕೆ 'ಆಧುನಿಕ ಸಂಗೀತ' ಅಂತ ಹೆಸರಿಟ್ಟಿತು. ಅದರೊಳಗಿಂದ ಕೆಲವರು 1973ರಲ್ಲಿ ಹೊರಬಂದು ಇರಾಕೆರೆ ಅನ್ನುವ ಬ್ಯಾಂಡ್ ಮಾಡಿದರು. ಪಿಯಾನೋಗೆ ಚೂಚೊ ವಾಲ್ಡೆಸ್, ಟ್ರಂಪೆಟ್‌ಗೆ ಆರ್ಟುರೊ ಸಾಂಡೊವಾಲ್, ಸ್ಯಾಕ್ಸ್‌ಗೆ ಪಕೀಟೊ. ಜನ ಕುಣಿಯುವ ಹಾಡು, ಪೂಜೆಯ ಬಾಟಾ ಡೋಲು, ರಾಕ್ ಗಿಟಾರ್, ಎಲ್ಲ ಸೇರಿಸಿ ಅದರ ಮಧ್ಯೆ ಜಾಜ್ ಇಟ್ಟರು. ಕುಣಿಯುವವರು ಕುಣಿದರು, ಕೇಳುವವರು ಕೇಳಿದರು.

1978ರಲ್ಲಿ ಇದೇ ಬ್ಯಾಂಡ್ ನ್ಯೂಪೋರ್ಟ್ ಜಾಜ್ ಉತ್ಸವದ ಹೆಸರಿನಲ್ಲಿ ಕಾರ್ನೆಗಿ ಹಾಲ್‌ಗೇ ಬಂತು. ಕಾರ್ಯಕ್ರಮದ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆ ಪ್ರವಾಸದ ಲೈವ್ ರೆಕಾರ್ಡಿಂಗ್ 1979ರಲ್ಲಿ 'ಇರಾಕೆರೆ' ಅನ್ನುವ ಹೆಸರಲ್ಲೇ ಬಂದು ಗ್ರ್ಯಾಮಿ ಗೆದ್ದಿತು. ನನ್ನ ಪಟ್ಟಿಯಲ್ಲಿ ಎರಡನೆಯದು ಇದು. ಮೊದಲನೆಯದು ಯಾಕಲ್ಲ ಅಂದರೆ, ಇದರ ಅಬ್ಬರ ಹೊಸಬರಿಗೆ ಸ್ವಲ್ಪ ಜಾಸ್ತಿ. ಚೂಚೊ ಬರೆದ 'ಮಿಸಾ ನೆಗ್ರಾ' ಹದಿನೈದು ನಿಮಿಷಕ್ಕೂ ಮೀರಿ ಹೋಗುತ್ತದೆ. ಡೋಲುಗಳಿಂದ ಶುರುವಾಗಿ ಎಲ್ಲೆಲ್ಲೋ ತಿರುಗುತ್ತದೆ. ಅದೇ ರೆಕಾರ್ಡ್‌ನಲ್ಲಿ ಮೊಜಾರ್ಟ್‌ನ ಒಂದು ನಿಧಾನದ ಭಾಗವನ್ನು ಪಕೀಟೊ ನುಡಿಸುತ್ತಾರೆ. ಕಾರಣ ಇಲ್ಲದೆ ಓಡದ ಪಕೀಟೊ ಹೇಗಿರುತ್ತಾರೆ ಅಂತ ನೋಡಬೇಕಾದರೆ ಅದನ್ನು ಹಾಕಿ.

1980ರಲ್ಲಿ ಬ್ಯಾಂಡ್ ಪ್ರವಾಸದಲ್ಲಿದ್ದಾಗ ಪಕೀಟೊ ಮ್ಯಾಡ್ರಿಡ್‌ನಲ್ಲಿ ಉಳಿದುಬಿಟ್ಟರು. ಅಮೆರಿಕದ ಆಶ್ರಯ ಕೇಳಿದರು. ಹೆಂಡತಿ, ಮಗ ಹವಾನಾದಲ್ಲಿ. ಅವರನ್ನು ಹೊರಗೆ ಕರೆಸಿಕೊಳ್ಳಲು ವರ್ಷಗಳೇ ಹಿಡಿದವು. 1981ರಲ್ಲಿ ಸ್ವಂತ ಹೆಸರಲ್ಲಿ 'ಬ್ಲೋಯಿನ್' ಬಂತು, ಮರುವರ್ಷ 'ಮಾರಿಯೆಲ್'. ಮಾರಿಯೆಲ್ ಅನ್ನುವುದು ಹವಾನಾ ಹತ್ತಿರದ ಬಂದರು. 1980ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 1,25,000 ಜನ ಅಲ್ಲಿಂದ ದೋಣಿ ಹತ್ತಿ ಫ್ಲೋರಿಡಾಕ್ಕೆ ಹೋದರು. ಹೊಸ ದೇಶದಲ್ಲಿ ತಾನು ಯಾರು ಅಂತ ತೋರಿಸಬೇಕಾದವನ ನುಡಿಸಾಣಿಕೆ ಈ ಎರಡರಲ್ಲೂ ಇದೆ. ಬೆರಗು ಹುಟ್ಟಿಸುತ್ತದೆ, ಸುಸ್ತೂ ಮಾಡುತ್ತದೆ. ಎಂಬತ್ತರ ದಶಕದ ಮಿಕ್ಕವುಗಳಿಗೆ ಆ ಕಾಲದ ಸ್ಟುಡಿಯೋ ಹೊಳಪು ಮೆತ್ತಿಕೊಂಡಿದೆ. ಟೂಟ್ಸ್ ತೀಲೆಮನ್ಸ್ ಹಾರ್ಮೋನಿಕಾ ಇರುವ 'ವೈ ನಾಟ್!' ಒಂದನ್ನು ಕೇಳಿ, ಉಳಿದದ್ದನ್ನು ಸದ್ಯಕ್ಕೆ ಬಿಡಿ.

ಆ ದಶಕದ ಕೊನೆಗೆ ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಸಿಕ್ಕಿದರು. ಸಿಕ್ಕಿದರು ಅನ್ನುವುದು ತಪ್ಪು, 1977ರಲ್ಲೇ ಡಿಝಿ ಹಡಗಿನಲ್ಲಿ ಹವಾನಾಕ್ಕೆ ಬಂದು ಈ ಹುಡುಗರ ಜೊತೆ ನುಡಿಸಿ ಹೋಗಿದ್ದರು. 1947ರಲ್ಲಿ ಕ್ಯೂಬಾದ ಕೊಂಗಾ ಡೋಲಿನ ವಾದಕ ಚಾನೊ ಪೋಜೊ ಅವರನ್ನು ತಮ್ಮ ಬ್ಯಾಂಡಿಗೆ ಸೇರಿಸಿಕೊಂಡು ಈ ದಾರಿ ತೆರೆದವರಲ್ಲಿ ಡಿಝಿಯೂ ಒಬ್ಬರು. ಅವರ ಯುನೈಟೆಡ್ ನೇಷನ್ ಆರ್ಕೆಸ್ಟ್ರಾ 1989ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನುಡಿಸಿದ್ದರ ರೆಕಾರ್ಡ್ ಇದೆ. ಪಕೀಟೊ ಪಕ್ಕದಲ್ಲಿ ಜೇಮ್ಸ್ ಮೂಡಿ, ಮಾರಿಯೊ ರಿವೇರಾ. ಮೂರು ಸ್ಯಾಕ್ಸ್, ಮೂರು ದನಿ. ಮೂಡಿ ನಗಿಸುತ್ತಾ ನುಡಿಸುತ್ತಾರೆ, ಮಾರಿಯೊ ಭಾರವಾಗಿ, ಪಕೀಟೊ ಚೂಪಾಗಿ. ಬೇರೆ ಸ್ಯಾಕ್ಸ್‌ಗಳ ನಡುವೆ ಇಟ್ಟು ನೋಡಿದಾಗಲೇ ಅವರ ದನಿಯ ಗುರುತು ಸರಿಯಾಗಿ ಹತ್ತುವುದು.

ಸರಿ, ಬೆಬೋ ವಿಷಯಕ್ಕೆ ಬರೋಣ. ಬೆಬೋ ವಾಲ್ಡೆಸ್ ಹುಟ್ಟಿದ್ದು 1918ರಲ್ಲಿ. ಐವತ್ತರ ದಶಕದಲ್ಲಿ ಹವಾನಾದ ಟ್ರಾಪಿಕಾನಾ ಕ್ಲಬ್‌ನ ಪಿಯಾನೋ ಅವರ ಕೈಯಲ್ಲಿತ್ತು. 'ಬಟಾಂಗಾ' ಅಂತ ಹೊಸ ನಡೆಯೊಂದನ್ನೇ ಕಟ್ಟಿದವರು. 1960ರಲ್ಲಿ ಕ್ಯೂಬಾ ಬಿಟ್ಟರು. ಆಮೇಲೆ ಸ್ವೀಡನ್‌ನಲ್ಲಿ ಮದುವೆಯಾಗಿ ಸ್ಟಾಕ್‌ಹೋಮ್‌ನಲ್ಲೇ ನಿಂತರು. ಹೋಟೆಲ್‌ಗಳಲ್ಲಿ ಪಿಯಾನೋ ನುಡಿಸಿಕೊಂಡು ಸುಮಾರು ಮೂವತ್ತು ವರ್ಷ ಕಳೆದರು. ಊಟ ಮಾಡುತ್ತಿದ್ದವರಿಗೆ ಮೂಲೆಯಲ್ಲಿ ಕೂತಿರುವವರು ಯಾರು ಅಂತ ಗೊತ್ತಿರಲಿಕ್ಕಿಲ್ಲ. ಹವಾನಾದಲ್ಲೇ ಉಳಿದ ಅವರ ಮಗ ಯಾರು ಗೊತ್ತಾ? ಇರಾಕೆರೆಯ ಚೂಚೊ.

1994ರಲ್ಲಿ ಪಕೀಟೊ ಫೋನ್ ಮಾಡಿ, ಬನ್ನಿ, ಒಂದು ರೆಕಾರ್ಡ್ ಮಾಡೋಣ ಅಂದರು. ಬೆಬೋಗೆ ಆಗ 76 ವರ್ಷ. ಕೂತು ಹೊಸ ರಚನೆ ಬರೆದರು, ಪ್ರತಿ ವಾದ್ಯಕ್ಕೂ ಅದರ ಪಾಲು ಬರೆದರು, ಜರ್ಮನಿಗೆ ಹೋದರು. ಕೊಂಗಾಗೆ ಪಟಾಟೊ, ಗಿಟಾರ್‌ಗೆ ಇರಾಕೆರೆಯ ಕಾರ್ಲೋಸ್ ಎಮಿಲಿಯೊ. ಆ ರೆಕಾರ್ಡ್‌ನಲ್ಲಿ ಪಿಯಾನೋ ಎಡಗೈ ಕೇಳಿ. ಒಂದು ಪೆಟ್ಟೂ ಹೆಚ್ಚಿಲ್ಲ. ನಿಧಾನ ಅನ್ನಿಸುವಷ್ಟು ನೆಮ್ಮದಿ. ಅದರ ಎದುರು ಪಕೀಟೊ ಕೂಡ ಬೇರೆಯಾಗಿಬಿಡುತ್ತಾರೆ. ಒಂದು ಮಾತು ಹೇಳಿ ನಿಲ್ಲಿಸುತ್ತಾರೆ, ಹಿರಿಯರ ಉತ್ತರಕ್ಕೆ ಜಾಗ ಬಿಡುತ್ತಾರೆ. ಪಕೀಟೊ ಬೇರೆ ಕಡೆ ಇಷ್ಟು ಕಾಯುವುದನ್ನು ನಾನು ಕೇಳಿಲ್ಲ. ಅದಕ್ಕೇ ಇದು ಮೊದಲು. ಇಲ್ಲಿ ಅವರ ದನಿ ಸರಿಯಾಗಿ ಕಿವಿಗೆ ಕೂತರೆ ಆಮೇಲೆ ಎಷ್ಟು ಓಡಿದರೂ ಹಿಂಬಾಲಿಸಬಹುದು. ಬೆಬೋ ಅವರ ಎರಡನೇ ಇನಿಂಗ್ಸ್ ಶುರುವಾದದ್ದೂ ಇಲ್ಲಿಂದಲೇ. 94 ವರ್ಷ ಬದುಕಿದರು, ಎಂಬತ್ತು ದಾಟಿದ ಮೇಲೆ ಫ್ಲಮೆಂಕೊ ಗಾಯಕ ಡಿಯೆಗೊ ಎಲ್ ಸಿಗಾಲಾ ಜೊತೆ ಮಾಡಿದ ಆಲ್ಬಮ್ ಲೋಕವೆಲ್ಲ ಸುತ್ತಿತು.

"ನಮಗೆ ಹಾಡು ಬೇಕು, ಸೋಲೋ ಎಲ್ಲ ಬೇಡ" ಅನ್ನುವವರೂ ಇದ್ದಾರೆ. ಅವರಿಗೆ 1996ರ 'ಪೋರ್ಟ್ರೇಟ್ಸ್ ಆಫ್ ಕ್ಯೂಬಾ'. ಅರ್ಜೆಂಟೀನಾದ ಕಾರ್ಲೋಸ್ ಫ್ರಾನ್ಜೆಟಿ ಇಡೀ ವಾದ್ಯವೃಂದಕ್ಕೆ ಬರೆದದ್ದು. ಗ್ರ್ಯಾಮಿ ಬಂತು. ಕ್ಯೂಬಾದ ಹಳೆಯ ಹಾಡುಗಳೇ ಹೆಚ್ಚು. 'ಎಲ್ ಮನಿಸೆರೊ' ಇದೆ, ಅಂದರೆ ಕಡ್ಲೆಕಾಯಿ ಮಾರುವವನು. ಬೀದಿಯಲ್ಲಿ ಕಾಗದದ ಪೊಟ್ಟಣ ಹಿಡಿದು ಕೂಗುವ ಕೂಗೇ ಹಾಡಾದದ್ದು. ಮೊಯಿಸೆಸ್ ಸಿಮೊನ್ಸ್ ಬರೆದರು. 1930ರಲ್ಲಿ ನ್ಯೂಯಾರ್ಕ್‌ನಲ್ಲಿ ಡಾನ್ ಅಸ್ಪಿಯಾಸು ಅವರ ಬ್ಯಾಂಡ್ ಇದನ್ನು ರೆಕಾರ್ಡ್ ಮಾಡಿದಾಗ ಅಮೆರಿಕಕ್ಕೆ ಕ್ಯೂಬಾ ಸಂಗೀತದ ಜ್ವರ ಹತ್ತಿತು. ನೂರಾರು ಜನ ನುಡಿಸಿ ಸವೆಸಿದ ಹಾಡು. ಫ್ರಾನ್ಜೆಟಿ ಬರೆದ ಗಾಳಿವಾದ್ಯಗಳ ಮೆತ್ತೆಯ ಮೇಲೆ ಬಂದಾಗ ಮತ್ತೆ ಹೊಸದಾಗಿ ಕೇಳಿಸುತ್ತದೆ. ಅಮೆರಿಕದ ಹಳೆಯ ಟಿವಿ ಹಾಸ್ಯ 'ಐ ಲವ್ ಲೂಸಿ'ಯ ಶೀರ್ಷಿಕೆ ಸಂಗೀತವನ್ನೂ ಸೇರಿಸಿದ್ದಾರೆ. ಅದರಲ್ಲಿ ಗಂಡನ ಪಾತ್ರ ಮಾಡಿದ ಡೆಸಿ ಅರ್ನಾಜ್ ಕ್ಯೂಬಾದವರು. ಇಂಥ ಚೇಷ್ಟೆ ಇಲ್ಲದಿದ್ದರೆ ಅದು ಪಕೀಟೊ ರೆಕಾರ್ಡೇ ಅಲ್ಲ.

ಬ್ರೆಜಿಲ್ ಇಷ್ಟವಿದ್ದರೆ ಸಾವೊ ಪಾಲೊದ ಟ್ರಿಯೊ ಕೊರೆಂಟೆ ಜೊತೆ ಮಾಡಿದ 'ಸಾಂಗ್ ಫಾರ್ ಮೌರಾ'. 2013ರದು. ಮೌರಾ ಅಂದರೆ ಪಕೀಟೊ ಅವರ ತಾಯಿ. ಅಲ್ಲಿ ಕ್ಲಾವೆ ತಟ್ಟಲು ಹೋಗಬೇಡಿ, ಬ್ರೆಜಿಲ್ ನಡೆಯ ಲೆಕ್ಕ ಬೇರೆ.

ನಮ್ಮ ಕಡೆಯವರು ಇನ್ನೊಂದು ಕೇಳುತ್ತಾರೆ. "ಕದ್ರಿ ಗೋಪಾಲನಾಥರನ್ನ ಕೇಳಿ ಬೆಳೆದ ಕಿವಿಗೆ ಇದು ಒಗ್ಗುತ್ತಾ?" ಇಬ್ಬರದೂ ಆಲ್ಟೊ ಸ್ಯಾಕ್ಸ್. ವಯಸ್ಸಲ್ಲೂ ಒಂದೂವರೆ ವರ್ಷದ ಅಂತರ ಅಷ್ಟೆ, ಕದ್ರಿಯವರು 1949ರಲ್ಲಿ ಹುಟ್ಟಿದವರು. ಆದರೆ ಕದ್ರಿಯವರು ಸ್ವರದಿಂದ ಸ್ವರಕ್ಕೆ ಜಾರುತ್ತಾರೆ, ಗಮಕಕ್ಕಾಗಿ ವಾದ್ಯವನ್ನೇ ಒಗ್ಗಿಸಿಕೊಂಡವರು. ಪಕೀಟೊ ಪ್ರತಿ ಸ್ವರವನ್ನೂ ಬಿಡಿಸಿ ಇಡುತ್ತಾರೆ. ಮೊದಲಿಗೆ ಒಣ ಅನ್ನಿಸಬಹುದು. ಆ ಬಿಡಿ ಸ್ವರಗಳು ತಾಳದ ಜೊತೆ ಆಡುವ ಆಟ ಸಿಕ್ಕಿದ ಮೇಲೆ ಹಾಗನ್ನಿಸುವುದಿಲ್ಲ. ಜಾಜ್ ಮತ್ತು ಕದ್ರಿ ಒಟ್ಟಿಗೇ ಬೇಕು ಅನ್ನುವವರು ಅಮೆರಿಕದ ಜಾಜ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ ಕದ್ರಿಯವರ ಜೊತೆ ನುಡಿಸಿದ 2008ರ 'ಕಿನ್ಸ್‌ಮೆನ್' ಕೇಳಿ. ಅದರಲ್ಲಿ ಕ್ಯೂಬಾ ಇಲ್ಲ, ಎರಡು ಆಲ್ಟೊ ಇವೆ.

ಕೊನೆಗೆ ಕೇಳಬೇಕಾದದ್ದು 2022ರ 'ಐ ಮಿಸ್ಡ್ ಯೂ ಟೂ!'. ಚೂಚೊ ಮತ್ತು ಪಕೀಟೊ. ಒಬ್ಬರು ದೇಶ ಬಿಟ್ಟು ಅಲ್ಲಿನ ಸರ್ಕಾರವನ್ನು ಬಾಯ್ತುಂಬ ಬೈದವರು, ಇನ್ನೊಬ್ಬರು ದಶಕಗಳ ಕಾಲ ಅಲ್ಲೇ ಉಳಿದು ಇರಾಕೆರೆ ನಡೆಸಿದವರು. ಇಬ್ಬರೂ ಎಪ್ಪತ್ತು ದಾಟಿದ ಮೇಲೆ ಆರು ಜನರ ಬ್ಯಾಂಡ್ ಕಟ್ಟಿ ಕೂತರು. 'ಮಾಂಬೊ ಇನ್‌ಫ್ಲುಯೆನ್ಸಿಯಾದೊ' ಹಾಕಿ ನೋಡಿ. ಹಳೆಯ ಇರಾಕೆರೆ ಕೇಳಿಕೊಂಡು ಬಂದವರಿಗೆ ಎಲ್ಲಿ ಯಾರು ಯಾರ ಕಾಲೆಳೆಯುತ್ತಿದ್ದಾರೆ ಅಂತ ತಿಳಿಯುತ್ತದೆ. ಹೊಸಬರಿಗೆ ಇದು ಒಂದು ಒಳ್ಳೆಯ ಆಲ್ಬಮ್ ಅಷ್ಟೆ. ಅದಕ್ಕೇ ಇದನ್ನು ಕೊನೆಗಿಟ್ಟದ್ದು.

ಒಂದು ಕಿವಿಮಾತು. ಇದ್ಯಾವುದನ್ನೂ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ಬೇಸ್ ಸತ್ತೇ ಹೋಗುತ್ತದೆ, ಕೊಂಗಾದ ಅರ್ಧ ಪೆಟ್ಟೂ ಹೋಗುತ್ತವೆ. ಉಳಿಯುವುದು ಸ್ಯಾಕ್ಸ್ ಮಾತ್ರ. ಸಾಧಾರಣ ಇಯರ್‌ಫೋನ್ ಆದರೂ ಸಾಕು.