ಅಡಿಕೆ ಸುಲಿಯುವಾಗ ಬಂದ ಪೋಪ್ ಸುದ್ದಿ

ಮೊನ್ನೆ ತೀರ್ಥಹಳ್ಳಿ ಹತ್ತಿರ ಮಾವನ ಮನೆಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆವು. ಮಾವ ವಾಟ್ಸಾಪ್ ಓದಿದರು. ‘ಅಮೆರಿಕದಲ್ಲಿ ಅರ್ಧಕ್ಕರ್ಧ ಜನ ಕ್ಯಾಥೊಲಿಕರಂತೆ, ಅದಕ್ಕೇ ಅಲ್ಲಿಯವರು ಪೋಪ್ ಆದರಂತೆ!’

2025ರ ಮೇ 8ರಂದು ಆಯ್ಕೆಯಾದ 14ನೇ ಲಿಯೋ ಹುಟ್ಟಿದ್ದು ಶಿಕಾಗೋದಲ್ಲಿ, ಅದು ನಿಜ. ಉಳಿದದ್ದು ಬುರುಡೆ.

ನಮ್ಮ ಜನಗಣತಿಯಲ್ಲಿ ಧರ್ಮ ಕೇಳುತ್ತಾರೆ, ಅಲ್ವಾ? ಅಮೆರಿಕದ ಜನಗಣತಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಹಾಗಾಗಿ ಯಾರೇ ಅಂಕಿ ಹೇಳಿದರೂ ಎಣಿಸಿದ್ದು ಯಾರು, ಹೇಗೆ ಅಂತ ಮೊದಲು ನೋಡಬೇಕು. ಅಮೆರಿಕದಲ್ಲಿ ಸಮೀಕ್ಷೆ ನಡೆಸುವ ಪ್ಯೂ ಸಂಶೋಧನಾ ಕೇಂದ್ರ ‘ನಿಮ್ಮ ಧರ್ಮ ಯಾವುದು’ ಅಂತ ಜನರನ್ನೇ ಕೇಳುತ್ತದೆ. ಅದರ ಪ್ರಕಾರ ವಯಸ್ಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಕ್ಯಾಥೊಲಿಕರು. ಚರ್ಚಿನವರ ಲೆಕ್ಕ ಪ್ಯಾರಿಷ್‌ಗಳಿಂದ, ಅಂದರೆ ಊರೂರಿನ ಚರ್ಚ್ ಘಟಕಗಳಿಂದ ಬರುತ್ತದೆ. ಎರಡೂ ತಾಳೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ‘ಕಾರಾ’ ಸಂಶೋಧನಾ ಕೇಂದ್ರ ಎರಡನ್ನೂ ಪಕ್ಕಪಕ್ಕ ಇಡುತ್ತದೆ, ನನಗೆ ಅದೇ ಜಾಸ್ತಿ ಇಷ್ಟ.

ಅಲ್ಲಿನ ಕ್ಯಾಥೊಲಿಕರ ರಾಜಕೀಯಕ್ಕೆ ಬಂದರೆ ಮೂಲವನ್ನೇ ಓದಿ. 1960ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕ್ಯಾಥೊಲಿಕ್ ಜಾನ್ ಕೆನಡಿ ಪ್ರಾಟೆಸ್ಟಂಟ್ ಪಾದ್ರಿಗಳ ಮುಂದೆ ತಮ್ಮ ಧರ್ಮದ ಬಗ್ಗೆ ಆಡಿದ ಮಾತು ಕೆನಡಿ ಲೈಬ್ರರಿಯ ತಾಣದಲ್ಲಿ ಪೂರ್ತಿ ಸಿಗುತ್ತದೆ. ಬಿಷಪ್‌ಗಳ ಹೇಳಿಕೆ ಅವರ ಸಮ್ಮೇಳನದ ತಾಣದಲ್ಲೇ ಇರುತ್ತದೆ. ಆದರೆ ಬಿಷಪ್ ಹೇಳಿದ್ದೆಲ್ಲ ಕ್ಯಾಥೊಲಿಕ್ ಮತದಾರರ ಮಾತಲ್ಲ! ಗರ್ಭಪಾತದ ವಿಷಯದಲ್ಲಂತೂ ಎರಡಕ್ಕೂ ಬಹಳ ದೂರ.

ನಾನೇನು ಸಾಚಾ ಅಲ್ಲ. ಅಧ್ಯಕ್ಷ ಚುನಾವಣೆಗೆ ಕೆನಡಿಯೇ ಮೊದಲ ಕ್ಯಾಥೊಲಿಕ್ ಅಭ್ಯರ್ಥಿ ಅಂತ ಶಿವಮೊಗ್ಗದ ಗೆಳೆಯನ ಹತ್ತಿರ ವಾದ ಮಾಡಿದ್ದೆ. ಆದರೆ 1928ರಲ್ಲೇ ಕ್ಯಾಥೊಲಿಕರಾದ ಆಲ್ ಸ್ಮಿತ್ ನಿಂತು ಹೂವರ್ ಎದುರು ಸೋತಿದ್ದರು. ಗೆಳೆಯ ಇನ್ನೂ ಅದನ್ನು ಎತ್ತಿ ಆಡುತ್ತಾನೆ.

ಮಾವ ಎಲ್ಲ ಕೇಳಿ, ‘ಕತ್ತಿ ನೋಡು, ಬೆರಳು ಹೋದೀತು’ ಅಂದರು.